ಆವಿಗೆಯಿಂದ ಆಚೆಗೆ: ಪುಷ್ಪಮಾಲಾ ಅವರ ಶಿಲ್ಪ

ಮಣ್ಣೆತ್ತಿನ ಅಮಾವಾಸ್ಯೆಯಂದು ನಮ್ಮ ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಪೂಜೆಗೊಳ್ಳುವ ಎತ್ತುಗಳನ್ನು ಶಿಲ್ಪವೆಂದು ಕರೆದವರುಂಟೆ? ಅವು ಆವಿಗೆಯ ಬೆಂಕಿಯನ್ನು ಕಾಣವು. ಪೂಜೆ ತೀರಿದ ಮೇಲೆ ಮರಳಿ ಮಣ್ಣಾಗುವುದೇ ಅವುಗಳ ಧರ್ಮ. ಸುಟ್ಟು ಉಳಿಸಿದುದು ಮಾತ್ರ ಶಿಲ್ಪವೋ, ರೂಪಿಸುವ ಕ್ರಿಯೆಯೇ ಶಿಲ್ಪವೋ? ಎನ್. ಪುಷ್ಪಮಾಲಾ ಅವರ ಕೃತಿಗಳನ್ನು ಕುರಿತು ಆಲೋಚಿಸುವಾಗ ಈ ಪ್ರಶ್ನೆಯನ್ನು ದಾಟಿ ಹೋಗಲು ನಮಗೆ ಸಾಧ್ಯವಾಗಲಿಲ್ಲ.

1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಶಿಲ್ಪವನ್ನು ಕಲಿತದ್ದು ಬಡೋದೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ. ಕೆ. ಜಿ. ಸುಬ್ರಹ್ಮಣ್ಯನ್ ಬಹುಕಾಲ ಪಾಠ ಹೇಳಿದ ಶಾಲೆಯದು. 1963ರಲ್ಲಿ ಲಖನೌದ ರವೀಂದ್ರಾಲಯದ ಗೋಡೆಯ ಮೇಲೆ ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಠಾಕೂರರ ನಾಟಕವೊಂದನ್ನು ಚಿತ್ರಿಸಿ, ಕುಂಬಾರನ ಮಣ್ಣಿಗೆ ಹೊಸ ಕಟ್ಟಡದಲ್ಲಿ ಸ್ಥಾನ ದೊರಕಿಸಿದವರು ಅವರು. ಪುಷ್ಪಮಾಲಾ 1980ರ ದಶಕದಲ್ಲಿ ಹೆಸರು ಪಡೆದದ್ದೂ ಸುಟ್ಟ ಮಣ್ಣಿನ ಹುಡುಗಿಯರಿಂದಲೇ. ದೇವಿಯರಲ್ಲ, ಅಪ್ಸರೆಯರಲ್ಲ, ನೆರೆಮನೆಯ ಹುಡುಗಿಯರು. ಮಣ್ಣು ದಪ್ಪವಾಗಿ ಒಳಗೆ ಹಸಿಯುಳಿದರೆ, ಬೆಂಕಿ ತಾಗಿದಾಗ ನೀರು ಉಗಿಯಾಗಿ ಬೊಂಬೆ ಸಿಡಿಯುತ್ತದೆ. ಆದುದರಿಂದ ಒಡಲು ಟೊಳ್ಳಾಗಿರಬೇಕು. ಚಾಚಿದ ಕೈ ಬಿರಿಯುವ ಭಯವಿರುವುದರಿಂದ ಅಂಗಗಳು ಮೈಗೆ ಹತ್ತಿರವಿರಬೇಕು. ಮಣ್ಣಿನ ಶಿಲ್ಪದಲ್ಲಿ ತೋರುವ ಮುಗ್ಧತೆಯನ್ನೆಲ್ಲ ಕಲಾವಿದರ ಭಾವುಕತೆಯೆಂದು ಬಗೆಯುವ ವಿಮರ್ಶಕರು ಆವಿಗೆಯ ಆಜ್ಞೆಯನ್ನು ಮರೆಯುತ್ತಾರೆ. ಯಾವ ಕುಂಬಾರನನ್ನು ಕೇಳಿದರೂ ಅವರಿಗೆ ತಿಳಿದೀತು.

1990ರ ದಶಕದ ನಡುವೆ ಪುಷ್ಪಮಾಲಾ ಛಾಯಾಚಿತ್ರದತ್ತ ಹೊರಳಿದರು. ಅದರಲ್ಲಿ ವೇಷ ಧರಿಸಿ ನಿಲ್ಲುವವರೂ ತಾವೇ. ಶಿಲ್ಪಿ ಶಿಲ್ಪವನ್ನು ತೊರೆದರೆಂದು ಹೇಳುವುದು ಸುಲಭ. ನಮಗೆ ಹಾಗೆನ್ನಿಸದು. ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ರಚಿಸಿದ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲೆಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ ನಿಂತಿದ್ದಾರೆ. ಇದು ಅಚ್ಚಿನ ಕೆಲಸ. ಮಣ್ಣಿಗೆ ಬದಲಾಗಿ ಮೈಯನ್ನು ಅಚ್ಚಿಗೆ ಒತ್ತಿದ್ದಾರೆ. ಅಚ್ಚಿಗೂ ಮೈಗೂ ಕೂಡದೆ ಉಳಿದ ಎಡೆಯನ್ನು ಮರೆಮಾಚಿಲ್ಲ. ಆ ಎಡೆಯಲ್ಲಿಯೇ ಕೃತಿಯ ನಗೆಯೂ ಇದೆ, ಮೊನೆಯೂ ಇದೆ.

ನಷ್ಟವೇ ಇಲ್ಲವೆಂದಲ್ಲ. ಮಣ್ಣಿನ ಹುಡುಗಿಯನ್ನು ಅರಿಯಲು ನೋಡುವವರು ಬೇರೊಂದು ಮೂಲವನ್ನು ಬಲ್ಲವರಾಗಬೇಕಿಲ್ಲ. ಲಕ್ಷ್ಮಿಯ ಪಟ ಮನೆಮನೆಯಲ್ಲಿರುವುದರಿಂದ ಅಲ್ಲಿಯೂ ತೊಡಕಿಲ್ಲ. ಅದೇ ಮಾಲೆಯ ಯೋಗಿನಿಯ ಮುಂದೆ ಮಾತ್ರ ನಮ್ಮವರು ಹಲವರು ತಡೆದು ನಿಂತಾರು. ಅದರ ಮೂಲ ಆದಿಲಶಾಹಿ ಬಿಜಾಪುರದ ಚಿತ್ರ. ಜತ್ತದಿಂದ ಆ ಊರು ಒಂದು ಹೊತ್ತಿನ ದಾರಿ. ಆದರೂ ಆ ಚಿತ್ರವನ್ನು ನಮ್ಮಲ್ಲಿ ಕಂಡವರು ವಿರಳ.