ಗುರುಗುಟ್ಟಿದ ಮಾತ್ರಕ್ಕೆ ಬೇರೆ ಮಾಡಬೇಡಿ

ಓದುಗರ ಕಾಗದಗಳಲ್ಲಿ ಒಂದೇ ಅಳಲು ಮತ್ತೆ ಮತ್ತೆ ಬರುತ್ತಿದೆ: ಅಂಗಡಿಯಿಂದ ಜೋಡಿಯಾಗಿ ತಂದ ಎರಡು ಗಂಡು ಗಿನಿಪಿಗ್ ಮರಿಗಳು ನಾಲ್ಕನೇ ತಿಂಗಳಿಗೆ ಕಾದಾಟಕ್ಕೆ ನಿಂತಿವೆ, ಬೇರೆ ಮಾಡಲೇ?

ರಕ್ತ ಕಂಡರೆ ಮಾಡಿ. ಸೋತದ್ದು ಮೇವಿನ ಹತ್ತಿರ ಸುಳಿಯಲೂ ಹೆದರುತ್ತಿದ್ದರೆ, ಅಡುಗೆಮನೆಯ ತಕ್ಕಡಿಯಲ್ಲಿ ಅದರ ತೂಕ ವಾರವಾರಕ್ಕೂ ಇಳಿಯುತ್ತಿದ್ದರೆ ಆಗಲೂ ಮಾಡಿ. ಸೊಂಟ ಬಳುಕಿಸುತ್ತ ಗುರುಗುಡುವುದು, ಬೆನ್ನೇರುವುದು, ಮೂಗೆತ್ತಿ ಎದುರುಬದುರು ನಿಲ್ಲುವುದು ಇವೆಲ್ಲ ಯಜಮಾನಿಕೆ ಯಾರದೆಂದು ಗೊತ್ತುಮಾಡಿಕೊಳ್ಳುವ ರೀತಿ. ಒಂದು ತಲೆ ತಗ್ಗಿಸಿದರೆ ಅಲ್ಲಿಗೆ ಮುಗಿಯಿತು. ನಡುವೆ ಗಾಬರಿಬಿದ್ದು ಒಂದನ್ನು ಎತ್ತಿಕೊಂಡು ಹೋದರೆ ವ್ಯಾಜ್ಯ ತೀರುವುದಿಲ್ಲ. ಮರಳಿ ಬಿಟ್ಟಾಗ ಮೊದಲಿನಿಂದ ಶುರುವಾಗುತ್ತದೆ. ಹಲ್ಲು ಕಟಕಟಿಸುವ ಸದ್ದು ನಿಲ್ಲದಿದ್ದರೆ, ಕತ್ತಿನ ಕೂದಲು ನಿಮಿರಿದ್ದರೆ, ಆಕಳಿಸಿದಂತೆ ಬಾಯಿ ತೆರೆದು ಹಲ್ಲು ತೋರಿಸುತ್ತಿದ್ದರೆ ಹತ್ತಿರವೇ ಕೂತಿರಿ. ಎರಡೂ ಉಂಡೆಯಾಗಿ ಉರುಳತೊಡಗಿದರೆ ಬರಿಗೈ ಹಾಕಬೇಡಿ, ನಡುವೆ ಮೊರ ತೂರಿಸಿ.

ಕಚ್ಚಿದ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಕೀವುಗಟ್ಟಬಹುದು, ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕೊಡುವ ಯೋಚನೆ ಬೇಡವೇ ಬೇಡ. ಪೆನಿಸಿಲಿನ್ ಗುಂಪಿನ ಔಷಧ ಬಾಯಿಂದ ಒಳಗೆ ಹೋದರೆ ಗಿನಿಪಿಗ್‌ನ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಪ್ರಾಣವೇ ಹೋಗಬಹುದು. ಇದು ಗೊತ್ತಿಲ್ಲದೆ ಸತ್ತ ಜೀವಗಳ ನೆನಪು ನನಗೆ ಇನ್ನೂ ನೋವು ಕೊಡುತ್ತದೆ.

ಈಗ ಜೋಡಿ ಸ್ನಾನದ ವಿಷಯ. ಜಗಳವಾಡಿದ ಎರಡನ್ನೂ ಒಂದೇ ಟಬ್ಬಿಗೆ ಇಳಿಸಿದರೆ ಸ್ನೇಹವಾಗುತ್ತದೆ ಎನ್ನುವ ಪಂಥವೊಂದಿದೆ. ನೀರಿನಲ್ಲಿ ಅವು ಒಂದಕ್ಕೊಂದು ಅಂಟಿ ಕೂರುವುದು ನಿಜ, ಕೂರಿಸಿದ್ದು ಭಯ. ಮೈ ಒಣಗಿ ಭಯ ಹೋದ ಮೇಲೆ ಜಗಳ ಇದ್ದಲ್ಲೇ ಇರುತ್ತದೆ. ಪರಸ್ಪರ ಗುರುತಿಗೆ ಅವು ನೆಚ್ಚಿಕೊಂಡಿರುವ ಮೈವಾಸನೆಯನ್ನು ತೊಳೆದುಹಾಕಿದ್ದಷ್ಟೇ ಲಾಭ. ಬೆಂಗಳೂರಿನ ಜುಲೈ ಚಳಿಯಲ್ಲಿ ಒದ್ದೆ ಮೈಯ ಪುಟ್ಟ ಪ್ರಾಣಿಗೆ ಇದನ್ನು ಮಾಡುವುದು ಹಿಂಸೆ. ವಾಸನೆ ಮರೆಸಲು ಮೂಗಿಗೆ ವೆನಿಲಾ ಸವರುವ ಉಪಾಯದಿಂದಲೂ ಜಗಳ ತೀರುವುದಿಲ್ಲ.

ಹಾಗಾದರೆ ಈ ಜಗಳ ಹುಟ್ಟುವುದೆಲ್ಲಿ? ಜರ್ಮನಿಯ ಪ್ರಾಣಿವರ್ತನೆ ವಿಜ್ಞಾನಿ ನೋರ್ಬರ್ಟ್ ಸಾಕ್ಸರ್ ಮತ್ತು ಸಂಗಡಿಗರ ಕೆಲಸವನ್ನು ನಾನು ಇಲ್ಲಿ ಹಿಂದೆಯೂ ಹೊಗಳಿದ್ದೇನೆ, ಇನ್ನೂ ಹೊಗಳುತ್ತೇನೆ. 1991ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಹೋಲಿಸಿದ್ದು ಎರಡು ಬಗೆಯ ಗಂಡುಗಳನ್ನು. ಒಂದು ಬಗೆಯವು ದೊಡ್ಡ ಗುಂಪಿನಲ್ಲಿ ಬೆಳೆದವು, ಇನ್ನೊಂದು ಬಗೆಯವು ಬೇರೆ ಗಂಡುಗಳ ಒಡನಾಟವಿಲ್ಲದೆ ಬೆಳೆದವು. ಗುಂಪಿನಲ್ಲಿ ಬೆಳೆದ ಗಂಡು ಅಪರಿಚಿತರ ನಡುವೆ ಬಂದರೂ ತಗ್ಗಿ ನಡೆದು ಜಾಗ ಮಾಡಿಕೊಂಡಿತು. ಇನ್ನೊಂದು ಸಿಕ್ಕಸಿಕ್ಕವರ ಮೇಲೆ ಏರಿಹೋಗಿ ಪೆಟ್ಟು ತಿಂದಿತು; ಅದರ ತೂಕ ಇಳಿಯಿತು, ಒತ್ತಡದ ಹಾರ್ಮೋನು ಏರಿತು. ಹರೆಯದಲ್ಲಿ ಹಿರಿಯ ಗಂಡಿಗೆ ದಾರಿ ಬಿಟ್ಟು ಕಲಿತದ್ದೇ ಎರಡರ ನಡುವಿನ ವ್ಯತ್ಯಾಸ. ನಮ್ಮ ಅಂಗಡಿಗಳ ಮರಿಗಳಿಗೆ ಕಲಿಸುವ ಹಿರಿಯರೇ ಇಲ್ಲ. ತಾಯಿಯಿಂದ ಬಿಡಿಸಿ, ಒಂದೇ ವಯಸ್ಸಿನ ಎರಡನ್ನು ಪಂಜರಕ್ಕೆ ಹಾಕಿ ಕೊಡುತ್ತಾರೆ. ಮೂರನೇ ತಿಂಗಳಿಂದ ಸುಮಾರು ವರ್ಷ ತುಂಬುವವರೆಗಿನ ಹರೆಯವನ್ನು ಅವು ತಮಗೆ ತೋಚಿದಂತೆ ದಾಟಬೇಕು. ಅದೂ ಇಕ್ಕಟ್ಟಾದ ಪಂಜರದಲ್ಲಿ, ಒಂದೇ ಬಟ್ಟಲು, ಒಂದೇ ಬಾಗಿಲಿನ ಒಂದೇ ಗೂಡಿನೊಂದಿಗೆ.

ಜಾಗ ಹಿಗ್ಗಿಸಿ. ಗಂಡು ಜೋಡಿಗೆ ಐದಡಿ ಉದ್ದ, ಎರಡಡಿ ಅಗಲ ನನ್ನ ಲೆಕ್ಕದಲ್ಲಿ ಕನಿಷ್ಠ. ಬಟ್ಟಲು, ನೀರಿನ ಬಾಟಲಿ, ಗೂಡು ಎಲ್ಲವೂ ಎರಡೆರಡು. ಪ್ರತಿ ಗೂಡಿಗೂ ಎರಡು ಬಾಗಿಲು. ಹೆಣ್ಣುಗಳ ವಾಸನೆ ತಾಗುವ ಕೋಣೆಯಲ್ಲಿ ಇಡಬೇಡಿ. (ಹೆಣ್ಣುಗಳೂ ಜಗಳವಾಡುತ್ತವೆ. ವಯಸ್ಸಾದ ಸಾಧು ಹೆಣ್ಣೊಂದು ಇದ್ದಕ್ಕಿದ್ದಂತೆ ಮುಂಗೋಪಿಯಾದರೆ ಅಂಡಾಶಯದಲ್ಲಿ ನೀರುಗುಳ್ಳೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.)

ಇಷ್ಟಾದ ಮೇಲೂ ಹೊಂದದ ಜೋಡಿಗಳಿರುತ್ತವೆ. ಅವನ್ನು ಬೇರೆ ಮಾಡಿ, ಆದರೆ ಬೇರೆ ಕೋಣೆಗೆ ಒಯ್ಯಬೇಡಿ. ಒಂದೇ ಪಂಜರಕ್ಕೆ ನಡುವೆ ತಂತಿ ಜಾಲರಿ ಹಾಕಿದರೆ ಅವು ನೋಡುತ್ತ, ಮೂಸುತ್ತ, ಮಾತಾಡುತ್ತ ಇರಬಲ್ಲವು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದು ಕಾನೂನಿಗೆ ವಿರುದ್ಧ. ನಮ್ಮಲ್ಲಿ ಅಂಥ ಕಾನೂನಿಲ್ಲ, ಒಂಟಿ ಮಾಡದಿರುವ ಹೊಣೆ ಸಾಕಿದವರದೇ. ಸಂತಾನಹರಣ ಮಾಡಿಸಿದ ಗಂಡನ್ನು ಹೆಣ್ಣುಗಳ ಜೊತೆ ಬಿಡುವುದೂ ಒಳ್ಳೆಯ ದಾರಿ. ಶಸ್ತ್ರಚಿಕಿತ್ಸೆಯ ನಂತರ ಆರು ವಾರ ಕಾಯಬೇಕು, ಅಷ್ಟೆ.

ಮರಿ ಮಾರುವವರಲ್ಲಿ ನನ್ನ ಕೋರಿಕೆ ಒಂದೇ. ಮೂರನೇ ವಾರಕ್ಕೆ ತಾಯಿಯಿಂದ ಬಿಡಿಸಿದ ಗಂಡುಮರಿಯನ್ನು ಕೆಲವು ವಾರವಾದರೂ ಶಾಂತ ಸ್ವಭಾವದ ಹಿರಿಯ ಗಂಡಿನ ಜೊತೆ ಇಟ್ಟು ಆಮೇಲೆ ಕೊಡಿ. ಮನೆಯಲ್ಲಿ ಈಗಾಗಲೇ ಒಂಟಿಯಾದ ಹಿರಿಯ ಗಂಡು ಇರುವವರು ಅಂಥದೇ ಎಳೆಯ ಮರಿಯೊಂದನ್ನು ತನ್ನಿ, ಎರಡು ವಾರ ದೂರವಿಟ್ಟು ಆರೋಗ್ಯ ನೋಡಿ, ಆ ಹಿರಿಯ ಗಂಡಿನ ಪಕ್ಕಕ್ಕೆ ಬಿಡಿ.