ಮೂರನೆಯ ಕುರ್ಚಿ

ಕರ್ನಾಟಕ ಅಂತಾರಾಷ್ಟ್ರೀಯ ಪ್ರವಾಸೋದ್ಯಮ ಮೇಳ ಬೆಂಗಳೂರಿನಲ್ಲಿ 2019ರಲ್ಲಿ ಮೊದಲು ನಡೆಯಿತು, 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಇಂಥ ಮೇಳಗಳ ರೀತಿ ಎಲ್ಲೆಡೆ ಒಂದೇ: ಹಗಲು ವಹಿವಾಟಿನ ಮಾತುಕತೆ, ಸಂಜೆ ಕಲಾಪ್ರದರ್ಶನ, ಔತಣ. ಅದರಲ್ಲಿ ತಪ್ಪೇನಿಲ್ಲ, ಪರಿಚಯವಿಲ್ಲದೆ ವ್ಯಾಪಾರ ಕುದುರದು. ನಮ್ಮ ತಕರಾರು ಬೇರೆ. ಅಲ್ಲಿ ಕುರ್ಚಿಗಳು ಎರಡೇ ಬಗೆ: ಮಾರುವವರದು, ಕೊಳ್ಳುವವರದು. ಹೋಂಸ್ಟೇ ಮಾಲೀಕ ಮಾರುವವನಾಗಿ ಕೂರಬಹುದು. ಅವನ ಪಕ್ಕದ ಗದ್ದೆಯವನು ಎಲ್ಲಿ ಕೂರಬೇಕು?

ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳವನ್ನೇ ನೋಡಿ. ಪ್ರವಾಸಿಗೆ ಅದು ಮಂಜು, ಕಾಡು, ತೊರೆ. ಊರವರಿಗೆ ಆ ಕಾಡು ಆನೆಯ ದಾರಿ; ಆ ತೊರೆ ಗುಂಡ್ಯ ಜಲವಿದ್ಯುತ್ ಯೋಜನೆಯ ನಕಾಶೆ ಸೇರಿದ್ದ ನೀರು. ಆ ಯೋಜನೆಗೆ ಅನುಮತಿ ಬೇಡವೆಂದು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಹೇಳಿತು. ಹೇಳುವ ಮುನ್ನ ಜನರ ಮಾತನ್ನೂ ಕೇಳಿತ್ತು. ಅಣೆಕಟ್ಟಿಗೆ ಬೇಕಾದ ಈ ಕೇಳಿಕೆ ರೆಸಾರ್ಟಿಗೆ ಬೇಡವೇ?

ಉರ್ದುವಿನಲ್ಲಿ ಅತಿಥಿ ಮೆಹಮಾನ್, ಆತಿಥೇಯ ಮೇಜ್‌ಬಾನ್. ಮನೆಯವರನ್ನು ಕೇಳದೆ ಅವರ ಮನೆಗೆ ಮೆಹಮಾನರನ್ನು ಕರೆಯುವುದು ಯಾವ ಊರಿನ ಸಂಪ್ರದಾಯ? ಮುಂದಿನ ಮೇಳದಲ್ಲಿ ಗ್ರಾಮಸಭೆಗೂ ಒಂದು ಕುರ್ಚಿ ಇರಲಿ. ಬರೀ ಸ್ವಾಗತ ಕೋರಲಿಕ್ಕಲ್ಲ, ‘ನಮ್ಮಲ್ಲಿಗೆ ಇಷ್ಟು ಜನ ಸಾಕು’ ಎನ್ನಲಿಕ್ಕೂ.