ಸಾಲಿನಲ್ಲಿ ನಿಂತ ಹಸಿವು

ಮಾಂಸದಂಗಡಿಯಾತ ಹೊರಗೆ ಬರುತ್ತಾನೆ. ಹಲಗೆಯ ಮೇಲಿನ ದರ ಅಳಿಸಿ ಅದಕ್ಕಿಂತ ದೊಡ್ಡ ಅಂಕಿ ಬರೆದು ಒಳಗೆ ಹೋಗುತ್ತಾನೆ. ಸಾಲಿನಲ್ಲಿರುವ ಇಂಗಾ ಮುಷ್ಟಿಯ ನೋಟುಗಳನ್ನು ನೋಡಿಕೊಳ್ಳುತ್ತಾಳೆ, ಇನ್ನೂ ಸಾಲುತ್ತದೆ. ಸಾಲು ನಾಲ್ಕು ಹೆಜ್ಜೆ ಸರಿಯುವಷ್ಟರಲ್ಲಿ ಆತ ಮತ್ತೆ ಹಾಜರು. ಅವಳ ಸರದಿ ಬರುವ ಹೊತ್ತಿಗೆ ಆ ದುಡ್ಡಿಗೆ ಮಾಂಸ ಸಿಗುವ ಮಾತೇ ಇಲ್ಲ. 1923ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಎಂದು ಓದಿದರೆ ಏನೂ ಅನ್ನಿಸುವುದಿಲ್ಲ. ಡಿ. ಡಬ್ಲ್ಯೂ. ಗ್ರಿಫಿತ್‌ನ ‘ಈಸಂಟ್ ಲೈಫ್ ವಂಡರ್‌ಫುಲ್’ (1924) ಆ ಅಂಕಿಯನ್ನು ಒಬ್ಬ ಹುಡುಗಿಯ ಕಾಲುನೋವಾಗಿ ತೋರಿಸುತ್ತದೆ.

ಮೊದಲ ಮಹಾಯುದ್ಧದ ಬಳಿಕ ಜರ್ಮನಿಗೆ ಬಂದು ಸೇರಿದ ಪೋಲಿಷ್ ನಿರಾಶ್ರಿತ ಕುಟುಂಬವೊಂದರ ಕಥೆ ಇದು. ಮನೆಯ ಮಗ, ಇಂಗಾಳ ಪ್ರಿಯಕರ ಪಾಲ್ ಯುದ್ಧದ ವಿಷಾನಿಲಕ್ಕೆ ಶ್ವಾಸಕೋಶ ಕೊಟ್ಟು ಹಿಂತಿರುಗಿದವನು. ಗ್ರಿಫಿತ್ ತನ್ನ ತಂಡವನ್ನು ಜರ್ಮನಿಗೇ ಒಯ್ದು, ಅಲ್ಲಿನ ಬೀದಿಗಳಲ್ಲೇ ಕ್ಯಾಮೆರಾ ಇಟ್ಟ. ಆರು ವರ್ಷ ಹಿಂದೆ ‘ಹಾರ್ಟ್ಸ್ ಆಫ್ ದಿ ವರ್ಲ್ಡ್’ನಲ್ಲಿ ಜರ್ಮನ್ನರನ್ನು ರಾಕ್ಷಸರಂತೆ ಬಣ್ಣಿಸಿದವನೂ ಈತನೇ ಎಂಬುದನ್ನು ನೆನೆದರೆ ಇದು ಸಣ್ಣ ತಿರುವೇನಲ್ಲ. ಆದರೂ ಧೈರ್ಯ ಅರ್ಧಕ್ಕೇ ನಿಂತಿತು. ಅಮೆರಿಕದ ಪ್ರೇಕ್ಷಕರಲ್ಲಿ ಜರ್ಮನ್ನರ ಮೇಲಿನ ಸಿಟ್ಟು ಆರಿರಲಿಲ್ಲ. ಹಸಿದವರು ಜರ್ಮನ್ನರಾಗದೆ ಪೋಲರಾದರೆ ಕಣ್ಣೀರಿಗೆ ಅಡ್ಡಿಯಿಲ್ಲ. ಆದರೆ ನಿರಾಶ್ರಿತರಾಗಿರುವುದರ ಸಂಕಟ, ಅಂದರೆ ಪರಭಾಷೆ, ಪರದೇಶಿ ಎಂಬ ಅನುಮಾನ, ಇದಾವುದೂ ಚಿತ್ರದ ಮೈಗೆ ಇಳಿಯುವುದಿಲ್ಲ. ಅವರ ಹಸಿವು ಮಾತ್ರ ಅಪ್ಪಟ.

ಇಂಗಾ ಆಗಿರುವ ಕ್ಯಾರಲ್ ಡೆಂಪ್‌ಸ್ಟರ್ ಬಗ್ಗೆ ವಿಮರ್ಶಕರು ಒಳ್ಳೆಯ ಮಾತಾಡಿದ್ದು ಕಡಿಮೆ. ಆದರೆ ಇಲ್ಲಿ ಅವಳ ಒಣಕಲು ಮೈಯೇ ಅಭಿನಯಕ್ಕೆ ನೆರವಾಗಿದೆ.

ಮರುವರ್ಷ ಜಿ. ಡಬ್ಲ್ಯೂ. ಪಾಬ್‌ಸ್ಟ್ ‘ದಿ ಜಾಯ್‌ಲೆಸ್ ಸ್ಟ್ರೀಟ್’ ತೆಗೆದ. ಅಲ್ಲೂ ಮಾಂಸದಂಗಡಿ, ಅಲ್ಲೂ ಸಾಲು. ಊರು ಮಾತ್ರ ವಿಯೆನ್ನಾ. ವ್ಯತ್ಯಾಸ ಅಂಗಡಿಯವನಲ್ಲಿದೆ. ಗ್ರಿಫಿತ್‌ನ ಅಂಗಡಿಯಾತ ದರ ಬರೆಯುವ ಕೈ ಅಷ್ಟೇ. ವೆರ್ನರ್ ಕ್ರೌಸ್ ಆಡಿರುವ ಪಾಬ್‌ಸ್ಟ್‌ನ ಕಟುಕ ದೊಡ್ಡ ನಾಯಿಯ ಜೊತೆ ಬಾಗಿಲಲ್ಲಿ ನಿಂತು, ಯಾವ ಹೆಂಗಸಿಗೆ ಯಾವ ಬೆಲೆಗೆ ಮಾಂಸ ಎಂದು ಕಣ್ಣಲ್ಲೇ ತೂಗುತ್ತಾನೆ. ಹಸಿವಿನಿಂದ ಲಾಭ ಮಾಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಪಾಬ್‌ಸ್ಟ್ ಕೇಳಿದ, ಗ್ರಿಫಿತ್ ಕೇಳಲಿಲ್ಲ. ಸೆನ್ಸಾರಿನವರು ದೇಶದೇಶಗಳಲ್ಲಿ ಪಾಬ್‌ಸ್ಟ್‌ನ ಚಿತ್ರಕ್ಕೆ ಕತ್ತರಿಯಾಡಿಸಿದ್ದರಲ್ಲಿ ಅಚ್ಚರಿಯಿಲ್ಲ. ಆದರೆ ಅವನ ಬೀದಿ ಸ್ಟುಡಿಯೋದಲ್ಲಿ ಕಟ್ಟಿದ್ದು. ನೆರಳು ಬೆಳಕು ಅಷ್ಟು ಚೆಂದವಾದಾಗ ಬಡತನಕ್ಕೂ ಒಂದು ಬಗೆಯ ಮೆರುಗು ಬಂದುಬಿಡುತ್ತದೆ. ಗ್ರೆಟಾ ಗಾರ್ಬೊ ಸಾಲಿನಲ್ಲಿ ನಿಂತಿದ್ದರೂ ಅವಳು ಸಾಲಿಗೆ ಸೇರಿದವಳೆಂದು ನನಗಂತೂ ನಂಬಿಕೆ ಬರುವುದಿಲ್ಲ. ಕೊನೆಗೆ ಅವಳನ್ನು ಪಾರುಮಾಡಲು ಒಬ್ಬ ಅಮೆರಿಕನ್ ಅಧಿಕಾರಿಯೇ ಬೇಕಾಯಿತು.

ಹಸಿವಿನ ಚಿತ್ರಗಳ ಈ ಪರಂಪರೆಯ ದೌರ್ಬಲ್ಯ ಇರುವುದೇ ಇಲ್ಲಿ: ಹಸಿವನ್ನು ಕಣ್ಣು ಮಿಟುಕಿಸದೆ ನೋಡಬಲ್ಲ ಚಿತ್ರಕ್ಕೆ ಅದನ್ನು ಹಾಗೇ ಬಿಟ್ಟು ಎದ್ದುಹೋಗುವ ಎದೆಗಾರಿಕೆ ಇಲ್ಲ. ಗ್ರಿಫಿತ್‌ನ ಚಿತ್ರದಲ್ಲಿ ಪಾಲ್ ಬೆಳೆದ ಆಲೂಗಡ್ಡೆಯನ್ನು ಅವನೂ ಇಂಗಾಳೂ ಗಾಡಿಯಲ್ಲಿ ಎಳೆದು ತರುವಾಗ ಕಾಡುದಾರಿಯಲ್ಲಿ ಹಸಿದ ಕೂಲಿಗಳ ಗುಂಪು ಅಡ್ಡಗಟ್ಟುತ್ತದೆ. ಅವರ ನಾಯಕನ ಪಾತ್ರದಲ್ಲಿ, ಅದೇ ವರ್ಷ ಫ್ರಿಟ್ಸ್ ಲಾಂಗ್‌ನ ‘ನಿಬೆಲುಂಗೆನ್’ನಲ್ಲಿ ಹಾಗೆನ್ ಆಗಿದ್ದ ನಟ ಷ್ಲೆಟ್ಟೊ. ನಾನೂ ನಿಮ್ಮಂತೆ ದುಡಿಯುವವನೇ ಎಂದು ಪಾಲ್ ಅಂಗಲಾಚಿದರೂ ಗಾಡಿ ಬರಿದಾಗುತ್ತದೆ. ಕಿತ್ತುಕೊಂಡವರೂ ಹಸಿದವರೇ, ಆದ್ದರಿಂದ ಶಾಪ ಹಾಕಲೂ ಯಾರೂ ಸಿಗುವುದಿಲ್ಲ. ಮೂಕಿಯುಗದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ದೃಶ್ಯಗಳು ಕೆಲವೇ. ಆದರೆ ಮರುಕ್ಷಣವೇ ಇಂಗಾ ನೆಲದ ಮೇಲೆ ಕುಳಿತು, ನಾವಿಬ್ಬರಿದ್ದೇವಲ್ಲ, ಬದುಕು ಸೊಗಸಲ್ಲವೇ ಎನ್ನಬೇಕು. ಮೇಲೆ ವರ್ಷದ ಬಳಿಕದ ಪುಟ್ಟ ಮನೆಯೂ ಬರಬೇಕು!

ಅಷ್ಟು ಸಕ್ಕರೆ ಬೆರೆಸಿಯೂ ಚಿತ್ರ ಅಮೆರಿಕದಲ್ಲಿ ನೆಲಕಚ್ಚಿತು. ಗ್ರಿಫಿತ್ ಸ್ವತಂತ್ರ ನಿರ್ಮಾಣ ಬಿಟ್ಟು ಪ್ಯಾರಾಮೌಂಟ್‌ನ ಸಂಬಳಗಾರನಾದ. 1948ರಲ್ಲಿ ಡಿ ಸಿಕಾ ‘ಬೈಸಿಕಲ್ ಥೀವ್ಸ್’ ತೆಗೆದಾಗ ಕ್ಯಾಮೆರಾ ಮತ್ತೆ ನಿಜವಾದ ಬೀದಿಗೆ ಇಳಿಯಿತು. ಕದ್ದವನೂ ಬಡವ, ಕಳೆದುಕೊಂಡವನೂ ಬಡವ ಎಂಬ ಗ್ರಿಫಿತ್‌ನ ಆ ಕಾಡುದಾರಿಯ ಇಕ್ಕಟ್ಟೇ ಅಲ್ಲಿ ಇಡೀ ಚಿತ್ರವಾಯಿತು. ಪುಟ್ಟ ಮನೆಯನ್ನು ಮಾತ್ರ ಡಿ ಸಿಕಾ ಕಟ್ಟಿಕೊಡಲಿಲ್ಲ.